ಮೂರು ಡೈವ್ ವಾಚು, ಒಂದು ಮಣಿಕಟ್ಟು

ಪ್ರಶ್ನೆ: ಬರುವ ವರ್ಷ ನನಗೆ ನಲವತ್ತೈದು ತುಂಬುತ್ತದೆ. ಜೀವನದಲ್ಲಿ ಒಂದಾದರೂ ಒಳ್ಳೆಯ ವಾಚು ಕೊಳ್ಳಬೇಕೆಂಬುದು ಹಳೆಯ ಆಸೆ. ವಿಡಿಯೊಗಳನ್ನು ನೋಡಿ ನೋಡಿ ರೋಲೆಕ್ಸ್ ಸಬ್‌ಮರೀನರ್, ಒಮೆಗಾ ಸೀಮಾಸ್ಟರ್ ಡೈವರ್ 300ಎಂ, ಟ್ಯೂಡರ್ ಬ್ಲ್ಯಾಕ್ ಬೇ 58 ಈ ಮೂರಕ್ಕೆ ಬಂದು ನಿಂತಿದ್ದೇನೆ. ಮೂರೂ ಸ್ಟೀಲು, ಮೂರರ ಡಯಲೂ ಕಪ್ಪು, ಮೂರಕ್ಕೂ ತಿರುಗುವ ಬೆಜೆಲ್. ಫೋಟೊ ತೋರಿಸಿದರೆ ನನ್ನ ಹೆಂಡತಿ, 'ಮೂರೂ ಒಂದೇ ಅಲ್ವಾ?' ಅನ್ನುತ್ತಾಳೆ. ಮಣಿಕಟ್ಟು ಆರೂವರೆ ಇಂಚು. ದಿನವೂ ಆಫೀಸಿಗೆ ಕಟ್ಟುವವನು ನಾನು. ಯಾವುದು ಕೊಳ್ಳಲಿ?
— ಎಸ್.ಆರ್., ಜಯನಗರ, ಬೆಂಗಳೂರು

ಉತ್ತರ: ನಿಮ್ಮ ಮನೆಯವರು ಹೇಳಿದ್ದು ಮುಕ್ಕಾಲು ಪಾಲು ನಿಜ. ಈ ವಾಚುಗಳ ಮುಖ ಒಂದೇ ಥರ ಇರುವುದಕ್ಕೆ ಕಾರಣವಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸಿನ ಸೇನೆ ನೀರೊಳಗೆ ಕಾದಾಡುವ ಮುಳುಗುಗಾರರ ಪಡೆಯೊಂದನ್ನು ಕಟ್ಟಿತು. ಅದರ ಅಧಿಕಾರಿಗಳಾದ ಬಾಬ್ ಮಲೂಬಿಯೆ ಮತ್ತು ಕ್ಲೋದ್ ರಿಫೋ ತಮಗೆ ಬೇಕಾದ ವಾಚಿನ ಗುಣಲಕ್ಷಣಗಳನ್ನು ಪಟ್ಟಿ ಮಾಡಿದರು: ಕಪ್ಪು ಡಯಲ್, ಕತ್ತಲಲ್ಲಿ ಹೊಳೆಯುವ ದಪ್ಪ ಗುರುತುಗಳು, ಮುಳುಗಿ ಎಷ್ಟು ನಿಮಿಷವಾಯಿತೆಂದು ತೋರಿಸುವ ತಿರುಗು ಬೆಜೆಲ್. ಬ್ಲಾಂಕ್‌ಪೇನ್ ಕಂಪನಿ ಅವರಿಗಾಗಿ ಫಿಫ್ಟಿ ಫ್ಯಾದಮ್ಸ್ ಮಾಡಿಕೊಟ್ಟಿದ್ದು 1953ರಲ್ಲಿ. ರೋಲೆಕ್ಸ್ ಸಬ್‌ಮರೀನರ್ ಹುಟ್ಟಿದ್ದೂ ಅದೇ ವರ್ಷ. ಅಲ್ಲಿಂದ ಇಲ್ಲಿಯವರೆಗೆ ಡೈವ್ ವಾಚು ಎಂದರೆ ಆ ಪಟ್ಟಿಯೇ.

ಟ್ಯೂಡರ್ ಅಂತೂ ರೋಲೆಕ್ಸ್ ಮನೆಯದೇ ಕೂಸು. ರೋಲೆಕ್ಸ್ ಕಟ್ಟಿದ ಹ್ಯಾನ್ಸ್ ವಿಲ್ಸ್‌ಡಾರ್ಫ್ 1926ರಲ್ಲಿ ಆ ಹೆಸರನ್ನು ನೋಂದಾಯಿಸಿದ್ದು ಕಡಿಮೆ ಬೆಲೆಗೆ ಅಷ್ಟೇ ನಂಬಿಕೆಯ ವಾಚು ಕೊಡಬೇಕೆಂದು. ಹಳೆಯ ಟ್ಯೂಡರ್ ಡೈವ್ ವಾಚುಗಳಿಗೆ ಕೇಸೂ ಕೀಯೂ ರೋಲೆಕ್ಸಿನವು. ಒಳಗಿನ ಯಂತ್ರ ಮಾತ್ರ ಹೊರಗಿನಿಂದ ತಂದದ್ದು. ಈಗ ಹಾಗಿಲ್ಲ, ಯಂತ್ರವನ್ನೂ ತನ್ನದೇ ಬಳಗದ ಕೆನಿಸ್ಸಿ ಕಾರ್ಖಾನೆಯಲ್ಲಿ ಮಾಡಿಸುತ್ತದೆ. 2018ರಲ್ಲಿ ಬಂದ ಬ್ಲ್ಯಾಕ್ ಬೇ 58ರ ಹೆಸರಿನಲ್ಲಿರುವ ಅಂಕಿ 1958ರ ಒಂದು ಟ್ಯೂಡರ್ ವಾಚಿನ ನೆನಪು. ಮೂರರಲ್ಲಿ ಸ್ವಲ್ಪ ಬೇರೆ ಮುಖ ಒಮೆಗಾದ್ದು. 1993ರ ವಿನ್ಯಾಸ, ಡಯಲಿನ ಮೇಲೆ ಅಲೆಗಳ ಗೆರೆ, ನಡು ಕೊರೆದ ಮುಳ್ಳುಗಳು, ಹತ್ತು ಗಂಟೆಯ ಕಡೆ ಇನ್ನೊಂದು ಗುಂಡಿ. 1995ರ 'ಗೋಲ್ಡನ್ ಐ' ಚಿತ್ರದಿಂದ ಈಚೆಗೆ ಜೇಮ್ಸ್ ಬಾಂಡ್ ಕೈಯಲ್ಲಿರುವುದು ಸೀಮಾಸ್ಟರ್ ಬಳಗವೇ. ಬಾಂಡ್ ಅಭಿಮಾನಿಯಾಗಿದ್ದರೆ ಮುಂದೆ ಓದಬೇಡಿ, ನಿಮ್ಮ ಆಯ್ಕೆ ಆಗಿಹೋಗಿದೆ.

ಇನ್ನು ವಿಡಿಯೊಗಳಲ್ಲಿ ನೀವು ಕೇಳಿರುವ ಅಂಕಿಗಳು. ದಿನಕ್ಕೆ ಎರಡು ಸೆಕೆಂಡು ಮುಂದೆ ಅಥವಾ ಎರಡು ಸೆಕೆಂಡು ಹಿಂದೆ, ಇದು ರೋಲೆಕ್ಸ್ ಕೊಡುವ ಮಾತು. ಸ್ವಿಟ್ಜರ್ಲೆಂಡಿನ ಮೆಟಾಸ್ ಸಂಸ್ಥೆಯ ಪರೀಕ್ಷೆ ದಾಟಿದ ಒಮೆಗಾ ಹಿಂದೆ ಬೀಳುವಂತಿಲ್ಲ, ಐದು ಸೆಕೆಂಡಿನವರೆಗೆ ಮುಂದೆ ಹೋಗಬಹುದು. ಬ್ಲ್ಯಾಕ್ ಬೇ 58ಕ್ಕೆ ಇರುವುದು ಕಾಸ್ಕ್ ಸಂಸ್ಥೆಯ ಪ್ರಮಾಣಪತ್ರ: ನಾಲ್ಕು ಹಿಂದೆ, ಆರು ಮುಂದೆ. ಆಫೀಸಿನ ಮೀಟಿಂಗಿಗೆ ಹೋಗುವವರಿಗೆ ಈ ಮೂರರ ನಡುವೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಗ್ಯಾರಂಟಿಯೂ ಮೂರಕ್ಕೂ ಐದೈದು ವರ್ಷ. ಒಂದು ಅಂಕಿಗೆ ಮಾತ್ರ ಅರ್ಥವಿದೆ. ಒಮೆಗಾ 15,000 ಗಾಸ್ ಕಾಂತಶಕ್ತಿಯನ್ನು ತಡೆಯುತ್ತದೆ. ಲ್ಯಾಪ್‌ಟಾಪ್, ಟ್ಯಾಬ್ಲೆಟ್ಟಿನ ಮುಚ್ಚಳ, ಸ್ಪೀಕರ್ ಇವೆಲ್ಲದರಲ್ಲೂ ಅಯಸ್ಕಾಂತ ಇರುತ್ತದೆ. ವಾಚಿನೊಳಗಿನ ಕೂದಲೆಳೆಯಂಥ ಸ್ಪ್ರಿಂಗಿಗೆ ಅದು ಹತ್ತಿದರೆ ವಾಚು ಮುಂದೆ ಓಡತೊಡಗುತ್ತದೆ. ಹಾಗೆಂದು ರೋಲೆಕ್ಸ್, ಟ್ಯೂಡರ್ ಎರಡೂ ಆ ಸ್ಪ್ರಿಂಗನ್ನು ಅಯಸ್ಕಾಂತಕ್ಕೆ ಸುಲಭವಾಗಿ ಸಿಕ್ಕದ ವಸ್ತುವಿನಲ್ಲೇ ಮಾಡುತ್ತವೆ. ಒಂದು ವೇಳೆ ಹತ್ತಿದರೂ ರಿಪೇರಿಯವರು ಅದನ್ನು ಬಿಡಿಸುವುದು ನಿಮಿಷದ ಕೆಲಸ.

ಹಾಗಾದರೆ ಯಾವುದನ್ನು ನೋಡಿ ಆಯಬೇಕು? ನಾನು ಎರಡನ್ನೇ ನೋಡುತ್ತೇನೆ: ಮಣಿಕಟ್ಟಿನ ಮೇಲೆ ಅದು ಹಿಡಿಯುವ ಜಾಗ ಮತ್ತು ಚೈನಿನ ಲಾಕು.

ಕೇಸಿನ ಅಗಲ 39, 41, 42 ಮಿ.ಮೀ. ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಮುಖ್ಯ, ಚೈನು ಸೇರುವ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗಿನ ಉದ್ದ. ಬ್ಲ್ಯಾಕ್ ಬೇ 58 ಮತ್ತು ಸಬ್‌ಮರೀನರ್ ಎರಡರಲ್ಲೂ ಇದು ಸುಮಾರು 48 ಮಿ.ಮೀ., ಒಮೆಗಾದಲ್ಲಿ ಸುಮಾರು 50. ದಪ್ಪ ಟ್ಯೂಡರಿಗೆ 12 ಮಿ.ಮೀ.ಗೆ ಒಂದು ಕೂದಲು ಕಡಿಮೆ, ರೋಲೆಕ್ಸಿಗೆ ಹನ್ನೆರಡೂವರೆಯ ಆಸುಪಾಸು, ಒಮೆಗಾಕ್ಕೆ ಹದಿಮೂರೂವರೆ. ಆರೂವರೆ ಇಂಚಿನ ಮಣಿಕಟ್ಟಿನ ಮೇಲ್ಭಾಗ ಚಪ್ಪಟೆಯಾಗಿದ್ದರೆ ಒಮೆಗಾ ಕೂರುತ್ತದೆ. ದುಂಡಗಿದ್ದರೆ ತುದಿಗಳು ಹೊರಗೆ ಚಾಚುತ್ತವೆ, ಶರ್ಟಿನ ಕಫ್ ದಿನಾ ಅದರ ಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ. ಇದನ್ನು ಅಂಗಡಿಯ ಕನ್ನಡಿಯ ಮುಂದೆ ನಿಂತು, ಉದ್ದ ತೋಳಿನ ಶರ್ಟು ಹಾಕಿಕೊಂಡೇ ನೋಡಬೇಕು. ಟೀ ಶರ್ಟಿನಲ್ಲಿ ಹೋಗಬೇಡಿ.

ಲಾಕಿನ ವಿಷಯ ಇನ್ನೂ ದೊಡ್ಡದು, ಆದರೆ ಅಂಗಡಿಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ. ನಮ್ಮ ಸೆಕೆಯಲ್ಲಿ ಬೆಳಿಗ್ಗೆ ಹಿತವಾಗಿದ್ದ ಚೈನು ಮಧ್ಯಾಹ್ನಕ್ಕೆ ಬಿಗಿಯುತ್ತದೆ, ಎ.ಸಿ. ಕೋಣೆಯಲ್ಲಿ ಕೂತರೆ ಮತ್ತೆ ಸಡಿಲ. ಸಬ್‌ಮರೀನರ್ ಲಾಕಿನಲ್ಲಿ ಗ್ಲೈಡ್‌ಲಾಕ್ ಎಂಬ ಹಲ್ಲಿನ ಪಟ್ಟಿ ಇದೆ. ಯಾವ ಉಪಕರಣವೂ ಇಲ್ಲದೆ ಸುಮಾರು 2 ಮಿ.ಮೀ.ನಂತೆ ಒಟ್ಟು 20 ಮಿ.ಮೀ.ವರೆಗೆ ಹಿಗ್ಗಿಸಬಹುದು. ಅದನ್ನು ಮಾಡಿದ್ದು ಮುಳುಗುಗಾರರ ರಬ್ಬರ್ ಅಂಗಿಯ ಮೇಲೆ ಕಟ್ಟಲೆಂದು. ಉಪಯೋಗವಾಗುತ್ತಿರುವುದು ಏಪ್ರಿಲ್ ತಿಂಗಳ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ. ಒಮೆಗಾದಲ್ಲೂ ಲಾಕಿನ ಒಳಗಿನ ಗುಂಡಿ ಒತ್ತಿ ಹೊಂದಿಸುವ ವ್ಯವಸ್ಥೆ ಇದೆ, ಲಾಕು ಮಾತ್ರ ಕೊಂಚ ಭಾರ. 2018ರ ಬ್ಲ್ಯಾಕ್ ಬೇ 58ರಲ್ಲಿ ಇದಿಲ್ಲ. ಪಕ್ಕದ ತೂತುಗಳಲ್ಲಿ ಪಿನ್ನು ಚುಚ್ಚಿ ಬದಲಾಯಿಸಬೇಕು.

ಈಗ ನೇರ ಉತ್ತರ. ಮೂರನ್ನೇ ಇಟ್ಟು ನೋಡಿದರೆ ಕೈಗೆ ಒಳ್ಳೆಯದು ಸಬ್‌ಮರೀನರ್, ಅದೂ ತಾರೀಖು ಇಲ್ಲದ್ದು. ಆದರೆ ಅದರ ಅಂಗಡಿ ಬೆಲೆಗೆ ಎರಡು ಬ್ಲ್ಯಾಕ್ ಬೇ 58 ಬರುತ್ತವೆ, ಮೇಲೆ ಚಿಲ್ಲರೆಯೂ ಉಳಿಯುತ್ತದೆ. ಜೊತೆಗೆ ಕೇಳಿದ ದಿನ ಅದು ಸಿಗುವುದಿಲ್ಲ, ಹೆಸರು ಬರೆಸಿ ಕಾಯಬೇಕು. ಕಂಪನಿಯ ಅಧಿಕೃತ ಅಂಗಡಿಯವರು ಪಟ್ಟಿ ಬೆಲೆಗೆ ಕೊಡುತ್ತೇವೆಂದರೆ, ಆ ಹಣ ನಿಮಗೆ ಭಾರವಲ್ಲದಿದ್ದರೆ, ತೆಗೆದುಕೊಳ್ಳಿ. ಕಾಯದೆ ಪಡೆಯಲು ಪಟ್ಟಿ ಬೆಲೆಯ ಮೇಲೆ ಲಕ್ಷಗಟ್ಟಲೆ ಹೆಚ್ಚು ಕೊಡಬೇಡಿ; ಆ ಹೆಚ್ಚಿನ ಹಣಕ್ಕೆ ವಾಚಿನಲ್ಲಿ ಒಂದು ಸ್ಕ್ರೂ ಕೂಡ ಹೆಚ್ಚು ಬರುವುದಿಲ್ಲ.

ಕಾಯುವ ಮನಸ್ಸಿಲ್ಲದಿದ್ದರೆ ನಿಮ್ಮ ಪಟ್ಟಿಯಲ್ಲಿಲ್ಲದ ನಾಲ್ಕನೆಯದನ್ನು ಒಮ್ಮೆ ಕಟ್ಟಿ ನೋಡಿ: ಟ್ಯೂಡರ್ ಪೆಲಾಗೋಸ್ 39. 2022ರಲ್ಲಿ ಬಂದದ್ದು. ಟೈಟೇನಿಯಂ ಆದ್ದರಿಂದ ಕೈಯಲ್ಲಿದೆಯೋ ಇಲ್ಲವೋ ಎನ್ನುವಷ್ಟು ಹಗುರ, ಉದ್ದ 47 ಮಿ.ಮೀ., ಲಾಕಿನಲ್ಲಿ ಕೈಯಿಂದಲೇ ಹೊಂದಿಸುವ ಟಿ-ಫಿಟ್ ವ್ಯವಸ್ಥೆ. ಬೂದು ಲೋಹ, ಸ್ಟೀಲಿನಷ್ಟು ಥಳಥಳ ಇಲ್ಲ, ಗೀರುಗಳೂ ಬೇಗ ಕಾಣುತ್ತವೆ. ನಿಮಗೆ ಹೊಳಪೇ ಬೇಕೆಂದರೆ ಬ್ಲ್ಯಾಕ್ ಬೇ 58 ಕೊಳ್ಳಿ, ಪಿನ್ನು ಚುಚ್ಚುವ ಉಪಕರಣ ಮೇಜಿನ ಖಾನೆಯಲ್ಲಿರಲಿ.

ಪ್ರಶ್ನೆ: ನಮ್ಮದು ಕಡಲ ಬದಿ, ಈಜು ಚಿಕ್ಕಂದಿನಿಂದ ಉಂಟು. ನೇತ್ರಾಣಿಯಲ್ಲಿ ಸ್ಕೂಬಾ ಮಾಡಿದ ಮೇಲೆ ಡೈವ್ ವಾಚಿನ ಹುಚ್ಚು ಹತ್ತಿದೆ ಮಾರಾಯ್ರೆ. ಟ್ಯೂಡರಿಗೆ 200 ಮೀಟರ್, ಒಮೆಗಾಕ್ಕೆ 300 ಮೀಟರ್. ನೂರು ಮೀಟರ್ ಹೆಚ್ಚು ಇರುವುದೇ ಒಳ್ಳೆಯದಲ್ಲವೇ? ಈಜುವಾಗ ಕೈ ಬೀಸಿದರೆ ನೀರಿನ ಒತ್ತಡ ಹತ್ತಾರು ಪಟ್ಟು ಏರುತ್ತದಂತೆ, ಹೌದೇ? ಒಮೆಗಾದ ಹೀಲಿಯಂ ವಾಲ್ವ್ ನಮಗೆ ಬೇಕೇ?
— ಕೆ.ಪಿ., ಮಂಗಳೂರು

ಉತ್ತರ: ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಮೊದಲ ಸಲ ಮುಳುಗುವವರನ್ನು ತರಬೇತುದಾರರು 12 ಮೀಟರಿನೊಳಗೇ ಇಟ್ಟುಕೊಳ್ಳುತ್ತಾರೆ. ಮೊದಲ ಹಂತದ ಪ್ರಮಾಣಪತ್ರ ಪಡೆದವರಿಗೆ 18 ಮೀಟರ್, ಮುಂದಿನದಕ್ಕೆ 30. ಹವ್ಯಾಸಿಗಳ ಕೊನೆಯ ಮಿತಿ 40 ಮೀಟರ್. 200 ಮೀಟರ್ ಆಳದಲ್ಲಿ ನಿಮ್ಮ ವಾಚು ಚೆನ್ನಾಗಿ ನಡೆಯುತ್ತಿರುತ್ತದೆ, ಅದನ್ನು ನೋಡಲು ನೀವು ಇರುವುದಿಲ್ಲ.

ಕೈ ಬೀಸುವ ಕಥೆಯನ್ನು ವಾಚು ಮಾರುವವರೇ ಹೇಳಿ ಹೇಳಿ ಹಬ್ಬಿಸಿದ್ದಾರೆ. ಲೆಕ್ಕ ಹಾಕಿ ನೋಡೋಣ. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. ಕೈಯನ್ನು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬೀಸಿದಿರಿ ಎನ್ನಿ. ಅದು ಸಾಕಷ್ಟು ಜೋರೇ. ಅದರಿಂದ ಹೆಚ್ಚಾಗುವ ಒತ್ತಡ ಒಂದೂಕಾಲು ಮೀಟರ್ ಆಳ ಇಳಿದಷ್ಟು, ಅಷ್ಟೇ. ಹಾಗಾದರೆ '30 ಮೀಟರ್' ಎಂದು ಬರೆದ ಸಾಮಾನ್ಯ ವಾಚು ಕಟ್ಟಿ ಈಜಬೇಡಿ ಎನ್ನುವುದು ಯಾಕೆ? ಅಂಥ ವಾಚುಗಳಲ್ಲಿ ಒಂದೊಂದನ್ನೂ ಪರೀಕ್ಷಿಸಬೇಕೆಂಬ ಕಟ್ಟಳೆ ಇಲ್ಲ. ಕೆಲವನ್ನು ಆರಿಸಿ ನೋಡಿದರೆ ನಡೆಯುತ್ತದೆ. ಪರೀಕ್ಷೆ ನಡೆಯುವುದೂ ಹೊಚ್ಚ ಹೊಸದಿರುವಾಗ. ಎರಡು ವರ್ಷ ಬೆವರು ಕುಡಿದ ವಾಷರಿಗೆ ಆ ಅಂಕಿ ಹೊಂದುವುದಿಲ್ಲ.

ಡೈವ್ ವಾಚಿಗೆ ಬೇರೆ ಮಾನದಂಡ ಇದೆ, ಐಎಸ್‌ಒ 6425. ಅದರ ಪ್ರಕಾರ ಕನಿಷ್ಠ 100 ಮೀಟರ್ ತಡೆಯಬೇಕು. ಬರೆದ ಆಳಕ್ಕಿಂತ ಶೇ 25 ಹೆಚ್ಚಿನ ಒತ್ತಡದಲ್ಲಿ ಪ್ರತಿಯೊಂದು ವಾಚನ್ನೂ ಪರೀಕ್ಷಿಸಬೇಕು. ಕತ್ತಲಲ್ಲಿ 25 ಸೆಂ.ಮೀ. ದೂರದಿಂದ ಸಮಯ ಓದಲು ಬರಬೇಕು. ವಾಚು ನಿಂತಿಲ್ಲ ಎಂಬುದೂ ಕತ್ತಲಲ್ಲಿ ತಿಳಿಯಬೇಕು, ಅದಕ್ಕೇ ಸೆಕೆಂಡಿನ ಮುಳ್ಳಿನಲ್ಲೊಂದು ಹೊಳೆಯುವ ಚುಕ್ಕೆ ಇರುವುದು. ಬೆಜೆಲ್ ಒಂದೇ ದಿಕ್ಕಿಗೆ ತಿರುಗುವುದು ಯಾಕೆಂದರೆ, ಕೈ ಎಲ್ಲಾದರೂ ತಾಗಿ ಅದು ಸರಿದರೂ ಕಳೆದ ಹೊತ್ತು ಹೆಚ್ಚಾಗಿ ಕಾಣಬೇಕು, ಕಡಿಮೆಯಾಗಿ ಅಲ್ಲ. ಮುಳುಗುಗಾರ ಬೇಗ ಮೇಲೆ ಬರುತ್ತಾನೆ, ಜೀವ ಉಳಿಯುತ್ತದೆ.

ಹೀಲಿಯಂ ವಾಲ್ವ್ ಬೇಡ. ಅದು ಕಡಲ ತಳದ ತೈಲ ಕೊಳವೆಗಳ ಮೇಲೆ ಕೆಲಸ ಮಾಡುವವರಿಗೆ. ಅವರು ದಿನಗಟ್ಟಲೆ ಒತ್ತಡ ತುಂಬಿದ ಕೋಣೆಯಲ್ಲಿ ಹೀಲಿಯಂ ಬೆರೆತ ಗಾಳಿ ಉಸಿರಾಡುತ್ತಾ ಇರುತ್ತಾರೆ. ಆ ಸಣ್ಣ ಅಣುಗಳು ವಾಷರ್ ದಾಟಿ ವಾಚಿನೊಳಗೆ ಸೇರುತ್ತವೆ. ಕೊನೆಗೆ ಕೋಣೆಯ ಒತ್ತಡ ಇಳಿಸುವಾಗ ಒಳಗಿನ ಅನಿಲ ಹಿಗ್ಗಿ ಗಾಜನ್ನೇ ಎಗರಿಸಬಹುದು. ಅದಕ್ಕೊಂದು ಹೊರದಾರಿ ಈ ವಾಲ್ವ್. ನೀರಿಗೂ ಅದಕ್ಕೂ ಸಂಬಂಧವೇ ಇಲ್ಲ. ನೀವು ಅದನ್ನು ಮುಟ್ಟದೆ ಮುಚ್ಚಿಯೇ ಇಟ್ಟುಕೊಂಡರೆ ಏನೂ ತೊಂದರೆಯಿಲ್ಲ, ನೋಡಲು ಚಂದ ಕಂಡರೆ ಅದೂ ಒಂದು ಕಾರಣವೇ.

ನೀರಿಗೆ ಇಳಿಯುವ ಮೊದಲು ಒಂದೇ ಎಚ್ಚರ: ಕೀಯನ್ನು ಪೂರ್ತಿ ತಿರುಗಿಸಿ ಬಿಗಿ ಮಾಡಿದ್ದೀರಾ ನೋಡಿ. ಸ್ಕ್ರೂ ಇರುವ ಕೀಯನ್ನು ಮುಚ್ಚಲು ಮರೆತರೆ 300 ಮೀಟರಿನ ವಾಚಿಗೂ ಬಕೆಟ್ ನೀರು ಸಾಕು. ಹಾಗೆಯೇ ಆಳದಲ್ಲಿ ಜೀವದ ಲೆಕ್ಕವನ್ನು ಡೈವ್ ಕಂಪ್ಯೂಟರಿಗೆ ಬಿಡಿ, ವಾಚು ಬರೀ ಸಾಕ್ಷಿಗೆ. ಮೇಲೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪು ಬೆಜೆಲಿನ ಅಡಿ ಕೂತರೆ ತಿರುಗಿಸಲು ಬರುವುದಿಲ್ಲ.

ಪ್ರಶ್ನೆ: ಅಷ್ಟು ನೀರು ತಡೆಯುವ ವಾಚನ್ನು ಸ್ನಾನಕ್ಕೆ ಬಿಚ್ಚಬೇಕೇ?
— ಒಬ್ಬ ಓದುಗ, ತುಮಕೂರು

ಉತ್ತರ: ಬಿಚ್ಚಿ. ಗೀಸರಿನ ಸುಡುನೀರು, ಸೋಪು, ಎಣ್ಣೆ ಈ ಮೂರೂ ವಾಷರಿಗೆ ಸಮುದ್ರಕ್ಕಿಂತ ಕೆಟ್ಟವು. ಅಭ್ಯಂಜನದ ದಿನವಂತೂ ಸೀಗೆಪುಡಿ ಚೈನಿನ ಕೊಂಡಿಕೊಂಡಿಯಲ್ಲೂ ಕೂರುತ್ತದೆ. ತಣ್ಣೀರಿನ ಈಜು ಬೇಕಾದಷ್ಟು ಮಾಡಿ, ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಮ್ಮ ತಂದೆಯವರ ಎಚ್‌ಎಂಟಿಗೆ ದಿನಾ ಬೆಳಿಗ್ಗೆ ಕೀ ಕೊಡುವುದು ಮನೆಯಲ್ಲಿ ಒಂದು ವ್ರತದ ಹಾಗಿತ್ತು. ಈ ದುಬಾರಿ ಆಟೊಮ್ಯಾಟಿಕ್‌ಗಳಿಗೆ ಕೀ ಕೊಡುವುದೇ ಬೇಡವೇ? ವಾಚು ಸುತ್ತಿಸುವ ಪೆಟ್ಟಿಗೆ ಕೊಳ್ಳಬೇಕೆಂದು ಅಂಗಡಿಯವರು ಹೇಳಿದರು.
— ಎಂ.ಎನ್., ಮೈಸೂರು

ಉತ್ತರ: ಪೆಟ್ಟಿಗೆ ಬೇಡ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚು ಕಾರ್ಖಾನೆಯ ಕೀ ಕೊಡುವ ವಾಚುಗಳಲ್ಲಿ ಎಷ್ಟೋ ಇಂದಿಗೂ ಓಡುತ್ತಿವೆ, ಯಾವ ಪೆಟ್ಟಿಗೆಯ ಹಂಗೂ ಇಲ್ಲದೆ. ಆಟೊಮ್ಯಾಟಿಕ್ಕಿನಲ್ಲಿ ಕೈ ಅಲುಗಿದಂತೆ ಒಳಗಿನ ಅರ್ಧಚಂದ್ರದ ತೂಕ ತಿರುಗಿ ಸ್ಪ್ರಿಂಗು ಸುತ್ತುತ್ತದೆ. ಬಿಚ್ಚಿಟ್ಟರೆ ಈಗಿನ ಸಬ್‌ಮರೀನರ್, ಬ್ಲ್ಯಾಕ್ ಬೇ 58 ಎರಡೂ ಸುಮಾರು 70 ಗಂಟೆ ನಡೆಯುತ್ತವೆ, ಒಮೆಗಾ 55 ಗಂಟೆ. ಶುಕ್ರವಾರ ಸಂಜೆ ಬಿಚ್ಚಿ ಸೋಮವಾರ ಬೆಳಿಗ್ಗೆ ಕಟ್ಟುವವರಿಗೆ ಆ ಹದಿನೈದು ಗಂಟೆಯ ವ್ಯತ್ಯಾಸವೇ ನಿರ್ಣಾಯಕ: ಮೊದಲೆರಡು ಓಡುತ್ತಿರುತ್ತವೆ, ಮೂರನೆಯದು ನಿಂತಿರುತ್ತದೆ. ನಿಂತರೆ ಕೀಯ ಸ್ಕ್ರೂ ಬಿಚ್ಚಿ ಇಪ್ಪತ್ತು ಮೂವತ್ತು ಸುತ್ತು ಕೊಡಿ, ಸಮಯ ಹೊಂದಿಸಿ, ಮರೆಯದೆ ಮತ್ತೆ ಬಿಗಿ ಮಾಡಿ. ವ್ರತ ಬಿಡಲು ಮನಸ್ಸಿಲ್ಲ ಎಂದಾದರೆ ತಂದೆಯವರ ಎಚ್‌ಎಂಟಿಯನ್ನೇ ಎಣ್ಣೆ ಹಾಕಿಸಿ ಕಟ್ಟಿ, ಖರ್ಚೂ ಕಡಿಮೆ.

ಪ್ರಶ್ನೆ: ನಾನು ವೈದ್ಯೆ. ಡೈವ್ ವಾಚು ಕೇಳಿದರೆ ಅಂಗಡಿಯವರು ಹರಳು ಕೂರಿಸಿದ ಪುಟ್ಟ ವಾಚುಗಳನ್ನೇ ಮುಂದಿಡುತ್ತಾರೆ. ನನ್ನ ಮಣಿಕಟ್ಟು ಸಣ್ಣದು, ಆದರೆ ನನಗೆ ಬೇಕಾಗಿರುವುದು ಒಡವೆಯಲ್ಲ.
— ಡಾ. ವಿ., ಶಿವಮೊಗ್ಗ

ಉತ್ತರ: ಟ್ಯೂಡರ್ ಬ್ಲ್ಯಾಕ್ ಬೇ 54 ಕೇಳಿ, ಹೆಸರು ಹಿಡಿದೇ ಕೇಳಿ. 37 ಮಿ.ಮೀ., ದಪ್ಪ ಹನ್ನೊಂದಕ್ಕೆ ಚೂರು ಹೆಚ್ಚು, 200 ಮೀಟರ್, ಕೈಯಿಂದ ಹೊಂದಿಸುವ ಲಾಕು. 2023ರಲ್ಲಿ ಬಂತು, 1954ರ ತಮ್ಮ ಮೊದಲ ಡೈವ್ ವಾಚಿನ ಅಳತೆಗೇ ಮಾಡಿದ್ದಾರೆ. ಅಂದಿನ ನೌಕಾಪಡೆಯ ಗಂಡಸರು ಕಟ್ಟುತ್ತಿದ್ದದ್ದು ಇಷ್ಟೇ ದೊಡ್ಡದನ್ನು. ಹಾಗಾಗಿ 'ಲೇಡೀಸ್ ಸೈಜ್' ಎಂದು ಅಂಗಡಿಯವರು ಅಂದರೆ ನಕ್ಕುಬಿಡಿ. ಬೆಜೆಲು ನಿಮಗೆ ಬೇರೆಯವರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ: ಡ್ರಿಪ್ ಶುರು ಮಾಡಿದಾಗ ತ್ರಿಕೋನದ ಗುರುತನ್ನು ನಿಮಿಷದ ಮುಳ್ಳಿನ ಎದುರಿಗೆ ತಂದರೆ ಆಯಿತು, ಎಷ್ಟು ಹೊತ್ತಾಯಿತೆಂದು ಒಂದೇ ನೋಟಕ್ಕೆ ಗೊತ್ತು. ತಾರೀಖು ಇದರಲ್ಲಿಲ್ಲ. ಚೀಟಿ ಬರೆಯುವಾಗ ಬೇಕೇಬೇಕು ಎಂದರೆ ಮತ್ತೆ ದೊಡ್ಡ ಅಳತೆಗೆ ಹೋಗಬೇಕಾದೀತು. ಗೋಡೆಯಲ್ಲಿ ಕ್ಯಾಲೆಂಡರ್ ಇದ್ದೇ ಇರುತ್ತದಲ್ಲ.

ಪ್ರಶ್ನೆ: ರೋಲೆಕ್ಸ್ ತಗೊಂಡ್ರ ದುಡ್ಡು ಬೆಳೀತದ, ಬಂಗಾರಕ್ಕಿಂತ ಛಲೋ ಅಂತ ನಮ್ಮ ಗೆಳೆಯ ಹೇಳ್ತಾನ. ಖರೇನೇನು?
— ಬಿ.ಜಿ., ಹುಬ್ಬಳ್ಳಿ

ಉತ್ತರ: ನಿಮ್ಮ ಗೆಳೆಯರು 2021ರಲ್ಲಿ ಹೇಳಿದ್ದರೆ ಸ್ವಲ್ಪ ದಿನ ಸರಿ ಅನ್ನಿಸುತ್ತಿತ್ತು. ಕೊರೊನಾ ಕಾಲದಲ್ಲಿ ಏರಿದ ಹಳೆ ವಾಚುಗಳ ಮಾರುಕಟ್ಟೆ 2022ರ ಆರಂಭದಲ್ಲಿ ತುದಿ ಮುಟ್ಟಿ ಅಲ್ಲಿಂದ ಇಳಿಯಿತು. ತುದಿಯಲ್ಲಿ ಕೊಂಡವರು ಕೈ ಸುಟ್ಟುಕೊಂಡರು. ಪಟ್ಟಿ ಬೆಲೆಗೆ ಕೊಂಡ ಸಬ್‌ಮರೀನರ್ ಬೇರೆ ವಾಚುಗಳಿಗಿಂತ ಬೆಲೆ ಉಳಿಸಿಕೊಳ್ಳುತ್ತದೆ, ಅದು ನಿಜ. ಆದರೆ ಬಂಗಾರವನ್ನು ಹುಬ್ಬಳ್ಳಿಯ ಯಾವ ಅಂಗಡಿಯಲ್ಲಿ ಕೇಳಿದರೂ ಅವತ್ತಿನ ದರ ಹೇಳುತ್ತಾರೆ; ವಾಚಿಗೆ ಗಿರಾಕಿಯನ್ನು ನೀವೇ ಹುಡುಕಬೇಕು, ಡಬ್ಬಿ, ಕಾರ್ಡು, ಬಿಲ್ಲು ಎಲ್ಲ ತೋರಿಸಬೇಕು, ನಡುವಿನವರ ಪಾಲು ಬೇರೆ. ಸರ್ವಿಸಿಂಗ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ: ಸುಮಾರು ಹತ್ತು ವರ್ಷಕ್ಕೊಮ್ಮೆ ಎನ್ನುತ್ತದೆ ರೋಲೆಕ್ಸ್, ಐದರಿಂದ ಎಂಟು ವರ್ಷ ಎನ್ನುತ್ತದೆ ಒಮೆಗಾ. ಬೆಳೆಯಲಿ ಎಂದು ಕೊಂಡ ವಾಚನ್ನು ಗೀರು ಬೀಳುತ್ತದೆಂದು ಕಟ್ಟುವುದೂ ಇಲ್ಲ. ಹಾಗಿದ್ದ ಮೇಲೆ ಬಂಗಾರವೇ ಛಲೋ.

ಪ್ರಶ್ನೆ: ದುಬೈಯಲ್ಲಿ ಕೆಲಸ. ಭಾವನವರು ದಾವಣಗೆರೆಯಿಂದ ಬರುತ್ತಿದ್ದಾರೆ, ಇಲ್ಲಿಯೇ ಒಮೆಗಾ ಕೊಂಡು ಕೈಗೆ ಕಟ್ಟಿಕೊಂಡೇ ಹೋಗುತ್ತೇನೆ ಅನ್ನುತ್ತಾರೆ. ಕಟ್ಟಿಕೊಂಡ ವಾಚಿಗೆ ಸುಂಕ ಇಲ್ಲವಂತೆ.
— ಆರ್.ಕೆ., ದುಬೈ

ಉತ್ತರ: ಹಾಗೆಂದು ಹೇಳಿದವರು ಭಾವನವರ ಜೊತೆ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ನಿಲ್ಲುವುದಿಲ್ಲ. ಹೊರಗೆ ಕೊಂಡ ಹೊಸ ವಾಚು ಪೆಟ್ಟಿಗೆಯಲ್ಲಿದ್ದರೂ ಕೈಯಲ್ಲಿದ್ದರೂ, ಸುಂಕವಿಲ್ಲದೆ ತರಬಹುದಾದ ಮಿತಿಯನ್ನು ಮೀರಿದರೆ ರೆಡ್ ಚಾನೆಲ್‌ಗೆ ಹೋಗಿ ಘೋಷಿಸಬೇಕು, ಸುಂಕ ಕಟ್ಟಬೇಕು. ಒಮೆಗಾ ಬೆಲೆಗೆ ಅದು ಮೀರದೆ ಇರದು. ಬಚ್ಚಿಟ್ಟು ಸಿಕ್ಕಿಬಿದ್ದರೆ ವಾಚನ್ನು ಮುಟ್ಟುಗೋಲು ಹಾಕಬಹುದು, ದಂಡವೂ ಉಂಟು. ದುಬೈಗೆ ಪ್ರವಾಸಿಯಾಗಿ ಬರುವ ಅವರಿಗೆ ಅಲ್ಲಿನ ಶೇ 5ರ ವ್ಯಾಟ್ ಮರುಪಾವತಿಗೆ ಅರ್ಜಿ ಹಾಕಲು ಅವಕಾಶವಿದೆ. ಅಲ್ಲಿಯ ನಿವಾಸಿಯಾದ ನಿಮಗಿಲ್ಲ, ಆದ್ದರಿಂದ ಬಿಲ್ಲು ಅವರ ಹೆಸರಿನಲ್ಲೇ ಆಗಲಿ.

ಸುಂಕ ಸೇರಿಸಿ ಕೂಡಿದರೆ ದುಬೈ ಬೆಲೆ ಬೆಂಗಳೂರಿನ ಬೆಲೆಗಿಂತ ಅಗ್ಗವಾಗುವುದು ಅನುಮಾನ. ಭಾರತ ಮತ್ತು ಸ್ವಿಟ್ಜರ್ಲೆಂಡ್ ಇರುವ ನಾಲ್ಕು ದೇಶಗಳ ಕೂಟದ ನಡುವಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಸ್ವಿಸ್ ವಾಚುಗಳ ಆಮದು ಸುಂಕ ಹಂತಹಂತವಾಗಿ ಇಳಿಯಲಿದೆ. ಇಲ್ಲಿಯ ಅಂಗಡಿಯಲ್ಲಿ ಕೊಳ್ಳುವುದಾದರೆ 2 ಲಕ್ಷ ರೂಪಾಯಿ ದಾಟಿದ ಖರೀದಿಗೆ ಪ್ಯಾನ್ ಬೇಕು, ಅಷ್ಟು ಹಣವನ್ನು ನಗದಾಗಿ ಕೊಡುವಂತಿಲ್ಲ. 10 ಲಕ್ಷ ಮೀರಿದ ವಾಚಾದರೆ 2025ರ ಏಪ್ರಿಲ್ 22ರಿಂದ ಶೇ 1ರಷ್ಟು ತೆರಿಗೆಯನ್ನು ಅಂಗಡಿಯವರೇ ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ಒಮೆಗಾ ಸ್ಟೀಲ್ ವಾಚಿಗೆ ಅದರ ಗೊಡವೆ ಬರುವುದಿಲ್ಲ.

ಭಾವನವರ ಬಳಿ ಈಗಾಗಲೇ ಬೆಲೆಬಾಳುವ ವಾಚು ಇದ್ದು ಅದನ್ನು ಕಟ್ಟಿಕೊಂಡು ದುಬೈಗೆ ಬರುತ್ತಿದ್ದರೆ, ಹೊರಡುವಾಗಲೇ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಲು ಹೇಳಿ. ವಾಪಸ್ ಬರುವಾಗ ಅದೂ ಹೊಸದೇ ಎಂದು ಕೇಳಿದರೆ ತೋರಿಸಲು ಆ ಚೀಟಿ ಬೇಕಾಗುತ್ತದೆ.